ಅಪ್ಪನ ಹಳೇ ಫಿಯಟ್ ಬಾಗಿಲು ಕಚ್ಚಿಕೊಂಡಿದೆ, ಹಿಂಜ್ ಬಿಡಿಸುವುದು ಹೇಗೆ?

ತೋಟದಮನೆ_ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಕಾಫಿ ತೋಟ. ಅಪ್ಪನದ್ದು 1968ರ ಫಿಯಟ್ 1100 ಡಿಲೈಟ್. ಅಪ್ಪ ಹೋಗಿ ಮೂರು ವರ್ಷ ಆಯ್ತು. ಅವತ್ತಿನಿಂದ ಗಾಡಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಪಕ್ಕ ನಿಂತೇ ಇದೆ. ಮೇಲೆ ಶೀಟ್ ಇದೆ, ಆದರೆ ಪಡುವಣ ಕಡೆ ಗೋಡೆ ಇಲ್ಲ. ಮಳೆಗಾಲ ಪೂರ್ತಿ ಎರಚಲು ಹೊಡೆಯುತ್ತದೆ.

ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ ಹೊಸ ಬ್ಯಾಟರಿ ಹಾಕಿಸಿ, ಕಾರ್ಬುರೇಟರ್ ತೊಳೆಸಿ, ಎಂಜಿನ್ ಸ್ಟಾರ್ಟ್ ಮಾಡಿಸಿದೆವು. ಆ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಎಂಜಿನ್ ಚೆನ್ನಾಗಿದೆ. ತೊಂದರೆ ಇರುವುದು ಬಾಗಿಲುಗಳದ್ದು. ಡ್ರೈವರ್ ಕಡೆಯದು ಕಿರ್ರ್ ಅನ್ನುತ್ತಾ ಹೇಗೋ ತೆಗೆಯುತ್ತದೆ. ಎಡಗಡೆ ಮುಂದಿನದು ಮಾತ್ರ ಒಂದು ಗೇಣು ಬಂದು ನಿಂತುಬಿಡುತ್ತದೆ. ಅಮ್ಮ ಯಾವಾಗಲೂ ಕೂರುತ್ತಿದ್ದ ಜಾಗ ಅದೇ. ಈ ಸಲ ಪುತ್ತರಿ ಹಬ್ಬಕ್ಕೆ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಇದೇ ಗಾಡಿಯಲ್ಲಿ ಹೋಗಬೇಕು ಅಂತ ಅವರಿಗೆ ಆಸೆ.

ಎರಡು ಡಬ್ಬಿ ಡಬ್ಲ್ಯುಡಿ-40 ಖಾಲಿ ಮಾಡಿದ್ದೇನೆ, ಏನೂ ಆಗಲಿಲ್ಲ. ನಿನ್ನೆ ತೋಟದ ಲೆಕ್ಕ ನೋಡುವ ರೈಟರ್ ಜೋರಾಗಿ ಎಳೆದರು, ಹಿಂಜ್ ಕೂತಿರುವ ಗಾಡಿಯ ಕಂಬದ ಹತ್ತಿರ ಟಕ್ ಅಂತ ಸದ್ದು ಬಂತು. ಹೆದರಿ ಬಿಟ್ಟುಬಿಟ್ಟೆವು. ಮುಂದೆ ಏನು ಮಾಡಲಿ?

ಗ್ರೀಸ್_ಕೈ

ಮೊದಲು ಒಂದು ಮಾತು ಅಮ್ಮ, ಇನ್ನು ಯಾರೂ ಆ ಬಾಗಿಲು ಎಳೆಯಬಾರದು. ನಾನು ಕುಶಾಲನಗರದಲ್ಲಿ 30 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಕಚ್ಚಿಕೊಂಡ ಹಿಂಜ್‌ನಿಂದ ಹಾಳಾದ ಗಾಡಿ ನೋಡಿಲ್ಲ, ಎಳೆದು ಹಾಳಾದ ಗಾಡಿ ಬೇಕಾದಷ್ಟು ನೋಡಿದ್ದೇನೆ. ಬಾಗಿಲು ಅಂದರೆ ಉದ್ದ ಸನ್ನೆಕೋಲು ಇದ್ದ ಹಾಗೆ. ತುದಿಯಲ್ಲಿ ನೀವು ಸ್ವಲ್ಪ ಎಳೆದರೂ ಹಿಂಜ್ ಹತ್ತಿರ ಅದು ಎಷ್ಟೋ ಪಟ್ಟು ಜೋರಾಗಿ ಬೀಳುತ್ತದೆ. ಹಿಂಜ್ ಒಳಗಿನ ಪಿನ್ ತಿರುಗಲಿಲ್ಲ ಅಂದರೆ ಕಂಬದ ತಗಡು ತಿರುಚಿಕೊಳ್ಳುತ್ತದೆ, ಇಲ್ಲ ಹರಿಯುತ್ತದೆ.

ಟಾರ್ಚ್ ಹಿಡಿದು ಹಿಂಜ್ ಕೂತಿರುವ ಜಾಗದ ಸುತ್ತ ನೋಡಿ. ಕೂದಲೆಳೆಯಂಥ ಬಿರುಕು ಇದೆಯಾ? ಪೇಂಟ್ ಸಿಪ್ಪೆ ಎದ್ದಿದೆಯಾ? ಮೊದಲು ಅದನ್ನು ಹೇಳಿ.

ಗೋಣಿಕೊಪ್ಪ_ಹುಡುಗ

ಗ್ಯಾಸ್ ವೆಲ್ಡಿಂಗ್‌ನವರನ್ನು ಕರೆಸಿ ಹಿಂಜ್ ಕೆಂಪಗೆ ಕಾಯಿಸಿ. ಹತ್ತು ನಿಮಿಷದ ಕೆಲಸ. ನಮ್ಮ ಟ್ರ್ಯಾಕ್ಟರ್ ಪಿನ್ ಎಲ್ಲ ಹಾಗೇ ಬಿಡಿಸುವುದು.

ಸುಂಟಿಕೊಪ್ಪ_ಟಿಂಕರ್

ತಮ್ಮಾ, ಟ್ರ್ಯಾಕ್ಟರ್ ಬೇರೆ ಕಾರು ಬೇರೆ. ಆ ಹಿಂಜ್‌ನ ಒಂದು ಕಡೆ ಪೇಂಟ್, ಇನ್ನೊಂದು ಕಡೆ ಬಾಗಿಲಿನ ರೆಕ್ಸಿನ್ ಮತ್ತು ರಟ್ಟು, ಕಂಬದ ಒಳಗೆ ವೈರ್. ಅದರ ಮೇಲೆ ಅಕ್ಕ ಆಗಲೇ ಎರಡು ಡಬ್ಬಿ ಎಣ್ಣೆ ಹೊಡೆದಿದ್ದಾರೆ. ಅಲ್ಲಿಗೆ ಬೆಂಕಿ ತೋರಿಸುತ್ತೀಯಾ? ನಾನು ಕೆಲಸ ಕಲಿಯುತ್ತಿದ್ದ ಶೆಡ್ಡಿನಲ್ಲಿ ಒಂದು ಕಾರಿನ ಸೀಟಿನ ಸ್ಪಂಜಿಗೆ ಹೀಗೇ ಹತ್ತಿಕೊಂಡಿತ್ತು. ನೀರು, ಮಣ್ಣು ಎರಚಿ ಆರಿಸಿದೆವು. ಮಾಲೀಕರ ಮುಖ ಇನ್ನೂ ಕಣ್ಣ ಮುಂದೆ ಇದೆ.

ಗೋಣಿಕೊಪ್ಪ_ಹುಡುಗ

ಸರಿ ಅಣ್ಣ, ಎಣ್ಣೆ ಹೊಡೆದಿದ್ದಾರೆ ಅನ್ನುವುದು ತಲೆಗೆ ಬರಲಿಲ್ಲ. ಆದರೆ ಬಿಸಿ ಮಾಡಿದರೆ ಕಬ್ಬಿಣ ಬಿಡುತ್ತದೆ ಅನ್ನುವುದು ಸುಳ್ಳಲ್ಲ.

ಸುಂಟಿಕೊಪ್ಪ_ಟಿಂಕರ್

ಸುಳ್ಳಲ್ಲ, ಒಪ್ಪುತ್ತೇನೆ. ಹಿಂಜ್ ಬಿಚ್ಚಿ ಕೈಗೆ ಬಂದ ಮೇಲೆ, ಎಣ್ಣೆ ಪೂರ್ತಿ ಒರೆಸಿ, ವೈಸ್‌ನಲ್ಲಿ ಹಿಡಿದು ಕಾಯಿಸು. ಗಾಡಿಯ ಮೇಲೆ ಬೇಡ.

ಮೈಸೂರು_ಫಿಯಟ್

ಡಬ್ಲ್ಯುಡಿ-40 ಬಗ್ಗೆ ಒಂದು ಮಾತು. ಅದರ ಹೆಸರಲ್ಲೇ ಅರ್ಥ ಇದೆ, ನೀರನ್ನು ಹೊರದೂಡುವುದು, 40ನೇ ಪ್ರಯತ್ನದಲ್ಲಿ ಸಿಕ್ಕಿದ ಮಿಶ್ರಣ ಅಂತ. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಒದ್ದೆ ಓಡಿಸುವುದಕ್ಕೆ ಒಳ್ಳೆಯದು, ಕಿರಕಿರಿ ನಿಲ್ಲಿಸುವುದಕ್ಕೂ ಆಗುತ್ತದೆ. ಮೂರು ಮಳೆಗಾಲದ ತುಕ್ಕಿಗೆ ಸಾಲುವುದಿಲ್ಲ. ಅದರಲ್ಲಿ ಜಾಸ್ತಿ ಪಾಲು ಆರಿಹೋಗುವ ದ್ರವ, ಉಳಿಯುವ ಎಣ್ಣೆ ಕಡಿಮೆ.

ನಾನು ಬಳಸುವುದು ಪವರ್ ಸ್ಟೀರಿಂಗ್‌ಗೆ ಹಾಕುತ್ತಾರಲ್ಲ ಆ ಕೆಂಪು ಎಟಿಎಫ್ ಎಣ್ಣೆ, ಅದಕ್ಕೆ ಸಮ ಅಳತೆ ಅಸಿಟೋನ್. ಗಾಜಿನ ಬಾಟಲಿಯಲ್ಲಿ ಕುಲುಕಿ ತಕ್ಷಣ ಹಚ್ಚಬೇಕು, ಬಿಟ್ಟರೆ ಎರಡೂ ಬೇರೆಯಾಗುತ್ತವೆ. ಅಸಿಟೋನ್ ತೆಳುವಾಗಿ ಸಂದಿಗೆ ನುಗ್ಗುತ್ತದೆ, ಎಣ್ಣೆಯನ್ನೂ ಜೊತೆಗೆ ಒಯ್ಯುತ್ತದೆ. ನನ್ನ ಪದ್ಮಿನಿ ಕಾರಿನ ನಾಲ್ಕೂ ಬಾಗಿಲು ಹೀಗೇ ಬಿಟ್ಟವು.

ಸುಂಟಿಕೊಪ್ಪ_ಟಿಂಕರ್

ಅಸಿಟೋನ್ ಪೇಂಟ್ ತಿನ್ನುತ್ತದೆ ಸಾರ್, ಅದನ್ನೂ ಹೇಳಿ. ಹಳೇ ಪೇಂಟ್ ಮೇಲೆ ಒಂದು ಹನಿ ಬಿದ್ದರೂ ಅಲ್ಲಿ ಗುಳಿ.

ಮೈಸೂರು_ಫಿಯಟ್

ಹೌದು, ಬಿಟ್ಟುಹೋಯಿತು. ಸಿರಿಂಜ್‌ನಲ್ಲಿ ಹನಿ ಹನಿ ಬಿಡಿ, ಸುತ್ತ ಗ್ರೀಸ್ ಸವರಿದ ಬಟ್ಟೆ ಕಟ್ಟಿ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ.

ಗ್ರೀಸ್_ಕೈ

ಅಷ್ಟೆಲ್ಲ ಬೇಕಾಗಿಲ್ಲ. ಅರ್ಧ ಡೀಸೆಲ್ ಅರ್ಧ ಎಂಜಿನ್ ಆಯಿಲ್, ಬೆಳಿಗ್ಗೆ ಸಂಜೆ ಹಾಕಿ, ಒಂದು ವಾರ. ಎಣ್ಣೆ ಯಾವುದು ಅನ್ನುವುದಕ್ಕಿಂತ ಎಷ್ಟು ದಿನ ಅನ್ನುವುದು ಮುಖ್ಯ. ಜನ ಹತ್ತು ನಿಮಿಷ ಕಾಯುತ್ತಾರೆ, ಆಗಲಿಲ್ಲ ಅಂತ ಸುತ್ತಿಗೆ ಎತ್ತುತ್ತಾರೆ.

ವಿರಾಜಪೇಟೆ_ವಿಲ್ಲೀಸ್

ಒಂದು ಗೇಣು ಬಂದು ನಿಲ್ಲುತ್ತದೆ ಅಂದರೆ ಅದು ಹಿಂಜ್ ಅಲ್ಲದೇ ಇರಬಹುದು. ಬಾಗಿಲು ಪೂರ್ತಿ ಹಿಂದಕ್ಕೆ ಹೋಗದ ಹಾಗೆ ತಡೆಯುವ ಪಟ್ಟಿ ಒಂದಿರುತ್ತದೆ, ಡೋರ್ ಸ್ಟಾಪರ್. ಅದು ಒಳಗೆ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಸುಮ್ನೆ ಹಿಂಜ್‌ಗೆ ವಾರಗಟ್ಟಲೆ ಎಣ್ಣೆ ಕುಡಿಸಿ ಏನು ಬಂತು?

ಗ್ರೀಸ್_ಕೈ

ಒಳ್ಳೆಯ ಪ್ರಶ್ನೆ. ಗೊತ್ತುಮಾಡುವ ದಾರಿ ಹೇಳುತ್ತೇನೆ. ಬಾಗಿಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಆಡಿಸಿ. ಮುಚ್ಚಿದ ಜಾಗದಿಂದ ಗೇಣಿನವರೆಗೆ ಸಲೀಸಾಗಿ ಬಂದು ಅಲ್ಲಿ ಗೋಡೆಗೆ ತಾಗಿದ ಹಾಗೆ ನಿಂತರೆ ಅದು ಸ್ಟಾಪರ್. ಮೊದಲ ಅಂಗುಲದಿಂದಲೇ ಬಿಗಿ, ಹೋಗುತ್ತಾ ಹೋಗುತ್ತಾ ಇನ್ನೂ ಬಿಗಿ ಅಂದರೆ ಹಿಂಜ್. ಹಾಗೇ ಬಾಗಿಲಿನ ಹಿಡಿ ಇರುವ ತುದಿಯನ್ನು ಮೇಲಕ್ಕೆ ಎತ್ತಿ ನೋಡಿ. ಆಡಿದರೆ ಪಿನ್ ಸವೆದಿದೆ. ಒಂದೇ ಬಾಗಿಲಿನಲ್ಲಿ ಮೇಲಿನ ಹಿಂಜ್ ಸವೆದು ಕೆಳಗಿನದು ಕಚ್ಚಿಕೊಂಡಿರುವುದೂ ಉಂಟು. ಕೆಳಗಿನದೇ ಜಾಸ್ತಿ ಕಚ್ಚುವುದು, ನೀರು ಇಳಿಯುವುದು ಅಲ್ಲಿಗೇ ಅಲ್ವಾ.

ಬಾಳೆಲೆ_ಗದ್ದೆ

ಅಡುಗೆಗೆ ಹಾಕುವ ಹುಳಿ, ಕಾಚಂಪುಳಿ, ಹಾಕಿ ನೋಡಿದ್ದೀರಾ ಯಾರಾದರೂ? ನಮ್ಮ ಅಜ್ಜಿ ಹಿತ್ತಾಳೆ ದೀಪ, ತುಕ್ಕು ಹಿಡಿದ ಕತ್ತಿ ಎಲ್ಲ ಅದರಲ್ಲೇ ಉಜ್ಜುತ್ತಿದ್ದರು. ಕನ್ನಡಿ ಹಾಗೆ ಆಗುತ್ತಿತ್ತು.

ಸೋಮವಾರಪೇಟೆ_ಮೇಷ್ಟ್ರು

ನಿಮ್ಮ ಅಜ್ಜಿ ಮಾಡಿದ್ದು ಸರಿ. ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ಕತ್ತಿಯನ್ನು ಅವರು ಉಜ್ಜಿ, ತೊಳೆದು, ಒರೆಸಿ, ಎಣ್ಣೆ ಹಚ್ಚಿ ಇಡುತ್ತಿದ್ದರು. ಹಿಂಜ್ ಸಂದಿಗೆ ಹೋದ ಹುಳಿಯನ್ನು ತೊಳೆಯುವುದು ಹೇಗೆ? ಅಲ್ಲೇ ಕೂತು ತುಕ್ಕು ಮುಗಿದ ಮೇಲೆ ಕಬ್ಬಿಣವನ್ನು ತಿನ್ನಲು ಶುರುಮಾಡುತ್ತದೆ. ಪಿನ್ ಹೊರಗೆ ತೆಗೆದ ಮೇಲೆ ಒಂದು ರಾತ್ರಿ ಹುಳಿಯಲ್ಲಿ ನೆನೆಸಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ. ಅದಕ್ಕೆ ಹುಣಸೆಹಣ್ಣೇ ಸಾಕು, ಕಾಚಂಪುಳಿ ಪಂದಿ ಕರಿಗೆ ಇರಲಿ.

ಇನ್ನೊಂದು ವಿಷಯ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಹಿಡಿಯುತ್ತದೆ. ಪಿನ್ನಿಗೂ ತೂತಿಗೂ ನಡುವೆ ಇರುವುದು ಕಾಗದದ ದಪ್ಪದ ಸಂದಿ. ಅಲ್ಲಿ ತುಕ್ಕು ಊದಿಕೊಂಡರೆ ಬೆಣೆ ಹೊಡೆದ ಹಾಗೆ. ಆದ್ದರಿಂದ ಎಣ್ಣೆ ಒಳಗೆ ಹೋದರೆ ಸಾಲದು, ಆ ಪುಡಿ ಹೊರಗೆ ಬರಬೇಕು. ಗ್ರೀಸ್_ಕೈ ಅವರು ನಿಧಾನ ಆಡಿಸಿ ಅಂದದ್ದು ಅದಕ್ಕೇ.

ಕಾಫಿಹೂ

ಮೇಷ್ಟ್ರೇ, ಪಂದಿ ಕರಿ ಅಂದು ಈಗ ಹೊಟ್ಟೆ ಹಸಿಯುವ ಹಾಗೆ ಮಾಡಿದಿರಿ.

ತೋಟದಮನೆ_ನಾಪೋಕ್ಲು

ಇಷ್ಟು ಬೇಗ ಇಷ್ಟೊಂದು ಉತ್ತರ! ಬಿರುಕು ಕಾಣಲಿಲ್ಲ, ದೇವರು ದೊಡ್ಡವನು. ಮೇಲಿನ ಹಿಂಜ್ ಪಕ್ಕ ಪೇಂಟ್ ಒಂದು ಬೆರಳಿನಷ್ಟು ಎದ್ದಿದೆ. ಬಾಗಿಲು ಮೊದಲಿನಿಂದಲೇ ಬಿಗಿ, ಅಂದರೆ ಹಿಂಜ್ ಅಂತಾಯ್ತು. ತುದಿ ಎತ್ತಿದರೆ ಒಂದು ಚೂರು ಆಡುತ್ತದೆ.

ಇನ್ನೊಂದು ಗಮನಿಸಿದೆ. ಬಾಗಿಲು ತುಂಬಾ ಭಾರ ಅನಿಸುತ್ತದೆ, ಡ್ರೈವರ್ ಕಡೆಯದಕ್ಕಿಂತ. ಇದು ನನ್ನ ಭ್ರಮೆಯಾ?

ಅಂಬಿ_ಮಾರ್ಕ್4

ಭ್ರಮೆ ಅಲ್ಲ ಇರಬಹುದು. ಬಾಗಿಲನ್ನು ಸಣ್ಣಗೆ ಅಲ್ಲಾಡಿಸಿ ಕಿವಿ ಕೊಡಿ. ಒಳಗೆ ನೀರು ಕುಲುಕುವ ಸದ್ದು ಬರುತ್ತಾ?

ಕಾರಿನ ಬಾಗಿಲು ಒಳಗೆ ಟೊಳ್ಳು. ಕಿಟಕಿ ಗಾಜಿನ ಪಕ್ಕದ ರಬ್ಬರ್ ಹಳೆಯದಾದರೆ ಮಳೆನೀರು ಒಳಗೆ ಇಳಿಯುತ್ತದೆ. ಹೊಸ ರಬ್ಬರ್ ಇದ್ದರೂ ಸ್ವಲ್ಪ ಇಳಿದೇ ಇಳಿಯುತ್ತದೆ. ಅದಕ್ಕೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಆ ತೂತು ಮುಚ್ಚಿಹೋದರೆ ಬಾಗಿಲು ಕೊಡಪಾನ ಆಗುತ್ತದೆ. ನನ್ನ ಅಂಬಾಸಿಡರ್‌ನ ಹಿಂದಿನ ಬಾಗಿಲು ಹಾಗೇ ಕೆಳಗಿನಿಂದ ಕೊಳೆತು ಉದುರಿತು, 2018ರ ಮಳೆಗಾಲದ ಮರುವರ್ಷ. ಆ ವರ್ಷದ ಆಗಸ್ಟ್ ನಿಮಗೆಲ್ಲ ನೆನಪಿದೆ. ಗುಡ್ಡ ಜಾರಿ ಮನೆಗಳೇ ಹೋದವು, ಕಾರು ಯಾರು ನೋಡುತ್ತಾರೆ. ನಾವೂ ಒಂದೂವರೆ ತಿಂಗಳು ಮಡಿಕೇರಿಯ ನೆಂಟರ ಮನೆಯಲ್ಲಿದ್ದೆವು. ಗಾಡಿ ಹಾಗೇ ಮರದ ಕೆಳಗೆ ನಿಂತಿತ್ತು.

ಕಾಫಿಹೂ

ಅಣ್ಣ, ನಿಮ್ಮ ಕಡೆ ಈಗ ರಸ್ತೆ ಸರಿ ಆಗಿದೆಯಾ? ನಮ್ಮ ದೊಡ್ಡಮ್ಮನ ಮನೆ ಆ ಕಡೆಯೇ ಇತ್ತು.

ಅಂಬಿ_ಮಾರ್ಕ್4

ರಸ್ತೆ ಆಗಿದೆ ತಂಗಿ. ಮೇಲಿನ ಮನೆಯವರು ಯಾರೂ ವಾಪಸ್ ಬರಲಿಲ್ಲ.

ತೋಟದಮನೆ_ನಾಪೋಕ್ಲು

ನೀರು ಇದೆ!! ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದೆ. ತಳದಲ್ಲಿ ತೂತು ಹುಡುಕಿದೆ, ಮೂರು ಸಿಕ್ಕವು, ಮೂರೂ ಮುಚ್ಚಿವೆ. ಒಂದರಲ್ಲಿ ಮಣ್ಣಿನ ಗೂಡು ಇದೆ, ಕಣಜದ ಹುಳ ಕಟ್ಟುತ್ತದಲ್ಲ, ಅದು. ಉಳಿದ ಎರಡರಲ್ಲಿ ಕಪ್ಪು ಗೊಬ್ಬರದ ಹಾಗೆ ಏನೋ. ಚುಚ್ಚಲಾ?

ಗ್ರೀಸ್_ಕೈ

ಚುಚ್ಚಿ. ಸೈಕಲ್ ಕಡ್ಡಿಯ ತುದಿ ಸ್ವಲ್ಪ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ. ಡ್ರಿಲ್ ಬೇಡ. ಬಾಗಿಲಿನ ತಳಕ್ಕೆ ಏನಾದರೂ ಆಸರೆ ಕೊಟ್ಟು ಮಾಡಿ, ನೀರು ಒಮ್ಮೆಲೇ ಹೋದಾಗ ಬಾಗಿಲು ಮೇಲೆದ್ದು ಹಿಂಜ್ ಮೇಲಿನ ಭಾರ ಬದಲಾಗುತ್ತದೆ.

ತೋಟದಮನೆ_ನಾಪೋಕ್ಲು

ಮುಗಿಸಿ ಬಂದೆ. ಕಾಫಿ ಕಷಾಯದ ಬಣ್ಣದ ನೀರು, ಅರ್ಧ ಬಕೆಟ್‌ಗೂ ಜಾಸ್ತಿ. ಅದರ ಹಿಂದೆ ಸಿಲ್ವರ್ ಓಕ್ ಎಲೆ ಕೊಳೆತು ಹಿಟ್ಟಾಗಿದ್ದು ಬಂತು. ಕೊನೆಗೆ ಒಂದು ಹಳೇ ಐದು ಪೈಸೆ ನಾಣ್ಯ, ಚೌಕದ್ದು. ಅದನ್ನು ನೋಡಿ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಾನು ಸಣ್ಣವಳಿದ್ದಾಗ ಕಿಟಕಿಯ ಸಂದಿಯಲ್ಲಿ ಹಾಕಿದ್ದಂತೆ, ಅಪ್ಪ ತೆಗೆಯಲು ಅರ್ಧ ದಿನ ಕಷ್ಟಪಟ್ಟು ಕೈಬಿಟ್ಟಿದ್ದರಂತೆ.

ಬಾಗಿಲು ಹಗುರ ಆಯ್ತು. ಆದರೆ ಇನ್ನೂ ಗೇಣಿನಲ್ಲೇ ನಿಲ್ಲುತ್ತದೆ.

ವಿರಾಜಪೇಟೆ_ವಿಲ್ಲೀಸ್

ಅದಕ್ಕೇ ನಾನು ಜೀಪ್ ಬಿಟ್ಟು ಬೇರೆ ಇಟ್ಟುಕೊಳ್ಳುವುದಿಲ್ಲ. ನಮ್ಮ ಜೀಪಿನ ತಗಡಿನ ಬಾಗಿಲು ಮೇಲಕ್ಕೆ ಎತ್ತಿದರೆ ಕೈಗೇ ಬರುತ್ತದೆ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಎತ್ತಿ, ಒರೆಸಿ, ಗ್ರೀಸ್ ಹಾಕಿ ಕೂರಿಸುತ್ತೇನೆ. ಬೇಸಿಗೆಯಲ್ಲಿ ಬಾಗಿಲೇ ಹಾಕುವುದಿಲ್ಲ.

ಮೈಸೂರು_ಫಿಯಟ್

ಜೀಪಿನ ವಿಷಯ ಬೇರೆ ಕಡೆ ಮಾತಾಡೋಣ ಸಾರ್. ಮತ್ತೆ ಗ್ರೀಸ್ ಅಂದಿರಿ. ಬಾಗಿಲ ಹಿಂಜ್‌ಗೆ ದಪ್ಪ ಗ್ರೀಸ್ ತಪ್ಪು. ಜನವರಿಯಿಂದ ಏಪ್ರಿಲ್‌ವರೆಗೆ ನಿಮ್ಮ ತೋಟದ ರಸ್ತೆಯ ಕೆಂಪು ಧೂಳು ಅದಕ್ಕೆ ಅಂಟುತ್ತದೆ. ಗ್ರೀಸ್ ಮತ್ತು ಧೂಳು ಸೇರಿದರೆ ಅರ ಹಾಕಿದ ಹಾಗೆ ಪಿನ್ ತಿನ್ನುತ್ತದೆ. ತೆಳು ಎಣ್ಣೆ ಎರಡು ಹನಿ, ಆಗಾಗ್ಗೆ. ಅಷ್ಟೇ.

ವಿರಾಜಪೇಟೆ_ವಿಲ್ಲೀಸ್

ತೆಳು ಎಣ್ಣೆ ಕೊಡಗಿನ ಮಳೆಗೆ ಎಷ್ಟು ದಿನ ನಿಲ್ಲುತ್ತದೆ? ಜುಲೈನಲ್ಲಿ ನಮ್ಮ ತೋಟದ ಮಳೆ ಮಾಪಕದಲ್ಲಿ ಒಂದೇ ದಿನ 6 ಇಂಚು ಬರೆದಿದ್ದೇನೆ. ಮೈಸೂರಿನಲ್ಲಿ ಕೂತು ಎಣ್ಣೆ ಎರಡು ಹನಿ ಅನ್ನುವುದು ಸುಲಭ.

ಮೈಸೂರು_ಫಿಯಟ್

ನಾನು ಹುಟ್ಟಿ ಬೆಳೆದದ್ದು ಶನಿವಾರಸಂತೆ. ಮಳೆ ನನಗೂ ಗೊತ್ತು.

ಗ್ರೀಸ್_ಕೈ

ಇಬ್ಬರದ್ದೂ ಅರ್ಧ ಸರಿ. ಪಿನ್ ಬಿಚ್ಚಿ ಹಾಕುವಾಗ ಒಳಗೆ ಗ್ರೀಸ್ ತೆಳುವಾಗಿ ಸವರಿ ಹಾಕಿ, ಹೊರಗೆ ಉಕ್ಕಿದ್ದನ್ನು ಚೆನ್ನಾಗಿ ಒರೆಸಿಬಿಡಿ, ಧೂಳು ಹಿಡಿಯಲು ಏನೂ ಉಳಿಯಬಾರದು. ಬಿಚ್ಚದೇ ಇದ್ದರೆ ಗ್ರೀಸ್ ಒಳಗೆ ಹೋಗುವುದೇ ಇಲ್ಲ, ಸುಮ್ನೆ ಮೇಲೆ ಕೂರುತ್ತದೆ, ಆಗ ಎಣ್ಣೆಯೇ ಸರಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ತುಲಾ ಸಂಕ್ರಮಣ ಕಳೆದ ಮೇಲೆ ಒಂದು ಸಲ.

ತೋಟದಮನೆ_ನಾಪೋಕ್ಲು

ಮೂರನೇ ದಿನದ ವರದಿ. ಎಟಿಎಫ್ ಗೋಣಿಕೊಪ್ಪದಲ್ಲಿ ಸಿಕ್ಕಿತು, ಅಸಿಟೋನ್ ಮೆಡಿಕಲ್‌ನಲ್ಲಿ. ದನಕ್ಕೆ ಹಾಕುವ ದೊಡ್ಡ ಸಿರಿಂಜ್ ಇತ್ತು, ಅದರಲ್ಲಿ ಬೆಳಿಗ್ಗೆ ಸಂಜೆ ಬಿಡುತ್ತಿದ್ದೇನೆ. ಹಾಕಿ ಸ್ವಲ್ಪ ಹೊತ್ತು ಬಿಟ್ಟು ಎರಡು ಬೆರಳಲ್ಲಿ ಬಾಗಿಲು ಆಡಿಸುತ್ತೇನೆ. ಕೆಳಗಿನ ಹಿಂಜ್‌ನ ಸಂದಿಯಿಂದ ಕೆಂಪು ಕೆಸರು ಬರುತ್ತಿದೆ, ರಾಗಿ ಅಂಬಲಿಯಷ್ಟು ದಪ್ಪ. ಬಿಳಿ ಬಟ್ಟೆಯಲ್ಲಿ ಒರೆಸುತ್ತೇನೆ, ಮತ್ತೆ ಬರುತ್ತದೆ. ಇವತ್ತು ಸಂಜೆ ಗೇಣಿಗಿಂತ ಎರಡು ಬೆರಳು ಮುಂದೆ ಬಂತು! ಎಲ್ಲರಿಗೂ ಸಣ್ಣದು, ನನಗೆ ದೊಡ್ಡದು.

ಸೋಮವಾರಪೇಟೆ_ಮೇಷ್ಟ್ರು

ಒರೆಸಿದ ಬಟ್ಟೆ ಬಿಸಾಡಬೇಡಿ, ಸಾಲಾಗಿ ಇಡಿ. ಕೆಂಪು ಹೋಗಿ ಎಣ್ಣೆಯ ಬಣ್ಣವೇ ಬರುವವರೆಗೆ ಬಿಡಬೇಡಿ.

ಸುಂಟಿಕೊಪ್ಪ_ಟಿಂಕರ್

ಅಕ್ಕ, ಈ ಗಾಡಿಗೆ ಯಾವಾಗಲಾದರೂ ಪೂರ್ತಿ ಪೇಂಟ್ ಹೊಡೆಸಿದ್ದರಾ? ಹಿಂಜ್ ಬಿಚ್ಚದೇ ಮೇಲಿಂದ ಮೇಲೆ ಪೇಂಟ್ ಹೊಡೆದರೆ ಪೇಂಟ್ ಸಂದಿಗೆ ಹೋಗಿ ಒಣಗುತ್ತದೆ. ಪುಟ್ಟಿ ಉಜ್ಜಿದ ಪುಡಿಯೂ ಒಳಗೆ ಹೋಗುತ್ತದೆ. ಮೇಲಿನ ಹಿಂಜ್ ಹತ್ತಿರ ಪೇಂಟ್ ಎದ್ದಿದೆ ಅಂದಿರಲ್ಲ, ಅದಕ್ಕೆ ಕೇಳಿದೆ.

ತೋಟದಮನೆ_ನಾಪೋಕ್ಲು

ಹೌದು ತಮ್ಮ, ನನ್ನ ಮದುವೆಯ ವರ್ಷ ಹೊಡೆಸಿದ್ದರು. ಬೇಗ ಬೇಕು ಅಂತ ಅವಸರ ಮಾಡಿದ್ದು ನಾವೇ. ಎದ್ದ ಜಾಗದಲ್ಲಿ ಉಗುರು ಹಾಕಿದರೆ ಎರಡು ಬಣ್ಣ ಕಾಣುತ್ತದೆ, ಮೇಲೆ ಬಿಳಿ, ಕೆಳಗೆ ಅಪ್ಪ ಹೇಳುತ್ತಿದ್ದ ಆ ತಿಳಿ ಹಸಿರು.

ಸುಂಟಿಕೊಪ್ಪ_ಟಿಂಕರ್

ಹಾಗಾದರೆ ಬ್ಲೇಡ್‌ನಿಂದ ಹಿಂಜ್‌ನ ಎರಡು ಎಲೆಗಳ ನಡುವಿನ ಪೇಂಟ್ ಗೆರೆ ಎಳೆದು ಕತ್ತರಿಸಿ. ಇಲ್ಲದಿದ್ದರೆ ಬಾಗಿಲು ಬಿಟ್ಟಾಗ ಪೇಂಟ್ ಹಾಳೆಹಾಳೆಯಾಗಿ ಕಿತ್ತುಬರುತ್ತದೆ. ಆ ಹಸಿರು ತುಂಡು ಒಂದು ಜೋಪಾನ ಮಾಡಿ. ಮುಂದೆ ಬಣ್ಣ ಹೊಂದಿಸಲು ಬೇಕಾಗುತ್ತದೆ.

ಗೋಣಿಕೊಪ್ಪ_ಹುಡುಗ

ಇಂಥ ಗಾಡಿಗೆ ಪೇಪರ್ ಎಲ್ಲ ಸರಿ ಇದೆಯಾ ಅಕ್ಕ? ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದಂತೆ ಈಗ.

ಅಂಬಿ_ಮಾರ್ಕ್4

ಅವಸರ ಬೇಡ. 2021ರಲ್ಲಿ ಕೇಂದ್ರದ ನಿಯಮ ಬಂತು. ಮೊದಲು ರಿಜಿಸ್ಟರ್ ಆಗಿ 50 ವರ್ಷ ದಾಟಿದ ಗಾಡಿ, ದೊಡ್ಡ ಬದಲಾವಣೆ ಮಾಡಿರಬಾರದು. ಆದರೆ ವಿಂಟೇಜ್ ಅಂತ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಅಮ್ಮನನ್ನು ಕೂರಿಸಿಕೊಂಡು ಐನ್‌ಮನೆಗೆ ಹೋಗುವವರಿಗೆ ಅದು ಸರಿಹೋಗುವುದಿಲ್ಲ. ಮಾಮೂಲಿ ಆರ್‌ಸಿಯನ್ನೇ ನವೀಕರಿಸಿ. 15 ವರ್ಷ ದಾಟಿದ ಗಾಡಿಗೆ ಪ್ರತಿ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಬಾಗಿಲು ಸರಿ ಮುಚ್ಚದಿದ್ದರೆ ಫಿಟ್‌ನೆಸ್‌ನಲ್ಲೂ ಕೇಳುತ್ತಾರೆ.

ಮೈಸೂರು_ಫಿಯಟ್

ಇನ್ನೊಂದು ವಿಷಯ, ಬಿಡಿಭಾಗ ಸಿಗುವುದಿಲ್ಲ ಅಂತ ಹೆದರಬೇಡಿ. ನಿಮ್ಮ ಡಿಲೈಟ್ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಿಂದ ಪದ್ಮಿನಿ ಆಯ್ತು. ಹೆಸರು ಬದಲಾಯಿತು, ಮೂಲ ಬಾಡಿ ಅದೇ. ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ವರೆಗೂ ಓಡಿದವು, ಹಾಗಾಗಿ ಅಲ್ಲಿನ ಗುಜರಿಗಳಲ್ಲಿ ಇನ್ನೂ ಸಾಮಾನು ಸಿಗುತ್ತದೆ. ಹಿಂಜ್ ಕೊಳ್ಳುವ ಮುಂಚೆ ನಿಮ್ಮದನ್ನು ಬಿಚ್ಚಿ ಬೋಲ್ಟ್ ತೂತಿನ ಅಳತೆ ನೋಡಿ. ಡಿಲೈಟ್‌ಗಿಂತ ಹಿಂದಿನ 1100 ಆಗಿದ್ದರೆ ಕಷ್ಟ, ಅದರ ಮುಂದಿನ ಬಾಗಿಲಿನ ಹಿಂಜ್ ನಡುಕಂಬದ ಮೇಲೆ ಇತ್ತು, ಬಾಗಿಲು ಉಲ್ಟಾ ತೆಗೆಯುತ್ತಿತ್ತು.

ಬಾಳೆಲೆ_ಗದ್ದೆ

ಉಲ್ಟಾ ಬಾಗಿಲಿನ ಫಿಯಟ್ ನಮ್ಮ ಡಾಕ್ಟರ್ ಒಬ್ಬರ ಹತ್ತಿರ ಇತ್ತು! ಸೀರೆ ಉಟ್ಟವರಿಗೆ ಇಳಿಯಲು ಬಲು ಸುಲಭ ಅಂತ ಅಮ್ಮ ಹೇಳುತ್ತಿದ್ದರು.

ತೋಟದಮನೆ_ನಾಪೋಕ್ಲು

ಆರನೇ ದಿನ. ಬಾಗಿಲು ಪೂರ್ತಿ ತೆಗೆಯಿತು!!

ಬೆಳಿಗ್ಗೆ ಎಣ್ಣೆ ಬಿಟ್ಟು ಆಡಿಸುತ್ತಿದ್ದೆ, ಬಟ್ಟೆಯಲ್ಲಿ ಕೆಂಪು ಇರಲಿಲ್ಲ, ಬರೀ ಎಣ್ಣೆ. ಇನ್ನೊಂದು ಸಲ ಆಡಿಸಿದೆ, ಯಾರೋ ಒಳಗಿನಿಂದ ಕೈ ಬಿಟ್ಟ ಹಾಗೆ ಸರ್ರನೆ ಹೋಯಿತು. ನಾನೇ ಬೀಳುವುದರಲ್ಲಿದ್ದೆ. ಈಗ ತೊಂದರೆ ಏನೆಂದರೆ ಮುಚ್ಚುವಾಗ ಬಾಗಿಲು ಒಂದು ಬೆರಳು ಇಳಿದಿದೆ. ಎತ್ತಿ ಮುಚ್ಚಬೇಕು. ಮೇಲಿನ ಪಿನ್ ಆಡುತ್ತಿದೆ.

ಕಾಫಿಹೂ

ಅಬ್ಬಾ, ಓದಿಯೇ ಖುಷಿ ಆಯ್ತು ಅಕ್ಕ.

ಗ್ರೀಸ್_ಕೈ

ಬಲೇ. ಈಗ ಬಿಚ್ಚುವ ಕೆಲಸ. ಇದನ್ನು ಒಬ್ಬರೇ ಮಾಡಬೇಡಿ, ಬಾಗಿಲು ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಮೊದಲು ಹಿಂಜ್ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ವಾಪಸ್ ಕೂರಿಸುವಾಗ ಅದೇ ಜಾಗಕ್ಕೆ ಬರಬೇಕು. ಎರಡು ಹಿಂಜ್‌ಗಳ ಪಿನ್ ಒಂದೇ ನೇರದಲ್ಲಿ ಇರಬೇಕು, ಒಂದು ಕೂದಲು ತಪ್ಪಿದರೂ ಹೊಸ ಪಿನ್ ಹಾಕಿ ಮತ್ತೆ ಬಿಗಿ ಆಗುತ್ತದೆ. ಎಷ್ಟೋ ಗಾಡಿಗಳು ತುಕ್ಕಿಲ್ಲದೇ ಬಿಗಿಯಾಗಿರುವುದು ಇದಕ್ಕೇ. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಮರದ ತುಂಡು, ಅದರ ಮೇಲೆ ಗೋಣಿಚೀಲ. ಆಮೇಲೆ ಸ್ಟಾಪರ್ ಬಿಡಿಸಿ. ಆಮೇಲಿಂದ ಬಾಗಿಲನ್ನು ತಡೆಯುವುದು ಏನೂ ಇರುವುದಿಲ್ಲ, ಗಾಳಿ ಬಂದರೂ ಹೋಗಿ ಮಡ್‌ಗಾರ್ಡ್‌ಗೆ ಹೊಡೆಯುತ್ತದೆ, ಹಾಗಾಗಿ ಹಿಡಿದವರು ಕೈ ಬಿಡಬಾರದು.

ಸ್ಕ್ರೂ ಬಿಚ್ಚಲು ಮಾಮೂಲಿ ಸ್ಕ್ರೂ ಡ್ರೈವರ್ ಬೇಡ, ತಲೆ ಸವೆದುಹೋಗುತ್ತದೆ. ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಕೆಲವು ಗಾಡಿಗಳಲ್ಲಿ ಕಂಬದ ಒಳಗೆ ನಟ್ ಇರುವ ಪಟ್ಟಿ ಬಿಡಿಯಾಗಿ ಇರುತ್ತದೆ. ಎಲ್ಲ ಬೋಲ್ಟ್ ಒಮ್ಮೆಲೇ ತೆಗೆದರೆ ಅದು ಒಳಗೆ ಬಿದ್ದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಒಂದು ಬೋಲ್ಟ್ ಸಡಿಲ ಮಾಡಿ ಒಳಗೆ ಕಡ್ಡಿ ಹಾಕಿ ಅಲ್ಲಾಡುತ್ತದಾ ನೋಡಿಕೊಂಡು ಮುಂದುವರಿಯಿರಿ.

ಪಿನ್ ಹೊಡೆಯುವ ಮುಂಚೆ ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗೆರೆ ಇದ್ದರೆ ಆ ತುದಿ ಬಿಗಿಯಾಗಿ ಕೂತಿರುವುದು. ಇನ್ನೊಂದು ತುದಿಯಿಂದ ಹೊಡೆಯಬೇಕು, ಹಲ್ಲಿರುವ ತುದಿ ಮೊದಲು ಹೊರಗೆ ಬರುವ ಹಾಗೆ. ಪಿನ್ನಿಗಿಂತ ಒಂದು ನೂಲು ಸಣ್ಣ ಪಂಚ್, ತೂಕದ ಸುತ್ತಿಗೆ, ಒಂದೇ ಸರಿಯಾದ ಏಟು. ಸಣ್ಣ ಸುತ್ತಿಗೆಯಲ್ಲಿ ಟುಕುಟುಕು ಹೊಡೆದರೆ ಪಿನ್ ತಲೆ ಅಣಬೆ ಹಾಗೆ ಅರಳಿ ಆಮೇಲೆ ಯಾವ ಕಡೆಯೂ ಬರುವುದಿಲ್ಲ.

ಮೈಸೂರು_ಫಿಯಟ್

ಈ ಉತ್ತರವನ್ನು ಯಾರಾದರೂ ಪುಟದ ಮೇಲೆ ಅಂಟಿಸಿ ಇಡಬೇಕು. ತುಂಬಾ ಚೆನ್ನಾಗಿ ಹೇಳಿದಿರಿ ಅಣ್ಣ.

ತೋಟದಮನೆ_ನಾಪೋಕ್ಲು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ, ಕಳೆ ಹೊಡೆಸುವ ಕೆಲಸ ಇತ್ತು. ಹೋದ ಭಾನುವಾರ ನನ್ನ ಭಾವ ಬಂದಿದ್ದರು, ಅವರು ಬಾಗಿಲು ಹಿಡಿದರು, ರೈಟರ್ ಜಾಕ್ ನೋಡಿಕೊಂಡರು, ಏಟು ಹೊಡೆದದ್ದು ನಾನು. ಮೇಲಿನ ಪಿನ್ ಮೂರನೇ ಏಟಿಗೆ ಬಂತು. ನಡುವೆ ಸವೆದು ಸೊಂಟ ಬಿದ್ದಿದೆ, ಉಗುರಿಗೆ ಸಿಗುವಷ್ಟು. ಕೆಳಗಿನದು ಸವೆದಿಲ್ಲ, ಆದರೆ ಮೈಯೆಲ್ಲ ಗುಳಿ ಗುಳಿ, ಹಲಸಿನ ಸಿಪ್ಪೆ ಹಾಗೆ.

ಎರಡನ್ನೂ ಕುಶಾಲನಗರದ ಲೇತ್ ಅಂಗಡಿಗೆ ಒಯ್ದೆ. ತೂತು ಅಂಡಾಕಾರ ಆಗಿದೆ, ಬರೀ ಹೊಸ ಪಿನ್ ಹಾಕಿದರೆ ಸಾಲದು, ತೂತು ದುಂಡಗೆ ಕೊರೆದು ಒಳಗೆ ಹಿತ್ತಾಳೆ ಬುಶ್, ಅಂದರೆ ಬಳೆ, ಹಾಕಬೇಕು ಅಂದರು. ಪಿನ್ನಿಗೆ ಇಎನ್8 ಅನ್ನುವ ಉಕ್ಕಿನ ಕಡ್ಡಿ. ಹೊಸ ಪಿನ್ ಮೈಮೇಲೆ ಎಣ್ಣೆ ನಿಲ್ಲಲು ಒಂದು ಸಣ್ಣ ಗೆರೆಯನ್ನೂ ಕೊರೆದುಕೊಟ್ಟರು, ನಾನು ಕೇಳದೇ. ಒಂದೂವರೆ ಗಂಟೆ ಅಲ್ಲೇ ಸ್ಟೂಲ್ ಮೇಲೆ ಕೂತು ನೋಡಿದೆ.

ವಿರಾಜಪೇಟೆ_ವಿಲ್ಲೀಸ್

ಹಿತ್ತಾಳೆ ಬುಶ್ ಹಾಕಿಸಿದ್ದು ಒಳ್ಳೆಯದಾಯ್ತು. ಕಬ್ಬಿಣಕ್ಕೆ ಕಬ್ಬಿಣ ತುಕ್ಕಿನಲ್ಲಿ ಒಂದಾಗುತ್ತದೆ, ಹಿತ್ತಾಳೆ ಹಾಗೆ ಹಿಡಿಯುವುದಿಲ್ಲ. ನಾನು ಮೊದಲು ಸ್ಟಾಪರ್ ಅಂತ ವಾದ ಮಾಡಿದ್ದು ತಪ್ಪಾಯ್ತು.

ಗ್ರೀಸ್_ಕೈ

ತಪ್ಪಲ್ಲ ಸಾರ್, ನೋಡಲೇಬೇಕಾದ ಜಾಗ ಅದು. ಅಮ್ಮ, ಕೂರಿಸಿದ ಮೇಲೆ ಎಲ್ಲ ಬೋಲ್ಟ್ ಅರ್ಧ ಬಿಗಿ ಮಾಡಿ, ಬಾಗಿಲು ನಿಧಾನ ಮುಚ್ಚಿ, ಸುತ್ತ ಸಂದಿ ಒಂದೇ ಸಮ ಇದೆಯಾ ನೋಡಿ, ಆಮೇಲೆ ಪೂರ್ತಿ ಬಿಗಿ ಮಾಡಿ. ಲಾಕ್ ಕಚ್ಚುವ ತಟ್ಟೆಯನ್ನು ಮುಟ್ಟಬೇಡಿ. ಬಾಗಿಲು ಇಳಿದಾಗ ಜನ ಆ ತಟ್ಟೆ ಸರಿಸಿ ಸರಿಮಾಡುತ್ತಾರೆ, ರೋಗ ಒಂದು ಕಡೆ ಔಷಧಿ ಇನ್ನೊಂದು ಕಡೆ.

ತೋಟದಮನೆ_ನಾಪೋಕ್ಲು

ಕೂರಿಸಿ ಆಯ್ತು. ಪೆನ್ಸಿಲ್ ಗೆರೆ ಇಲ್ಲದಿದ್ದರೆ ಅಳಬೇಕಿತ್ತು. ಮೊದಲ ಸಲ ಕೆಳಗೆ ಸಂದಿ ಜಾಸ್ತಿ ಬಂತು, ಸಡಿಲಿಸಿ ಮತ್ತೆ ಕೂರಿಸಿದೆವು, ಎರಡನೇ ಸಲ ಸರಿ ಬಂತು. ಈಗ ಒಂದು ಬೆರಳಿಗೆ ಬಾಗಿಲು ಬರುತ್ತದೆ, ಮುಚ್ಚಿದರೆ ಟಪ್ ಅಂತ ಒಂದೇ ಸದ್ದು.

ಅಮ್ಮನನ್ನು ಕರೆದೆ. ಸೆರಗಲ್ಲಿ ಕೈ ಒರೆಸಿಕೊಂಡು ಬಂದರು, ತಾವೇ ಬಾಗಿಲು ತೆಗೆದು ಕೂತರು, ಮುಚ್ಚಿದರು. ಮತ್ತೆ ತೆಗೆದು ಮತ್ತೆ ಮುಚ್ಚಿದರು. ಅಪ್ಪ ಬಾಗಿಲು ಮುಚ್ಚುವಾಗ ಹೀಗೇ ಸದ್ದು ಬರುತ್ತಿತ್ತು ಅಂದರು.

ಶೆಡ್ಡಿನ ಪಡುವಣ ಕಡೆಗೆ ಶೀಟ್ ಹೊಡೆಸಲು ಹೇಳಿದ್ದೇನೆ. ನಾಳೆಯಿಂದ ಡ್ರೈವರ್ ಕಡೆಯ ಬಾಗಿಲು. ಅದರ ತಳದ ತೂತು ಈಗಲೇ ಚುಚ್ಚಿ ನೋಡಿದೆ, ಒಣಗಿದೆ.

ಬಾಳೆಲೆ_ಗದ್ದೆ

ಕಿಟಕಿ ರಬ್ಬರ್ ಮರೆಯಬೇಡಿ ಅಕ್ಕ, ಇಲ್ಲದಿದ್ದರೆ ಬರುವ ಕಕ್ಕಡ ತಿಂಗಳ ಮಳೆಗೆ ಮತ್ತೆ ಅರ್ಧ ಬಕೆಟ್.

ಗೋಣಿಕೊಪ್ಪ_ಹುಡುಗ

ಅಕ್ಕ, ಆ ಲೇತ್ ಅಂಗಡಿ ಭಾನುವಾರ ತೆಗೆದಿರುತ್ತದಾ? ನಮ್ಮ ಮಾವನ ಅಂಬಾಸಿಡರ್ ಹಿಂದಿನ ಬಾಗಿಲು ಹಗ್ಗ ಕಟ್ಟಿ ಓಡಿಸುತ್ತಿದ್ದೇವೆ. ಗ್ಯಾಸ್ ಹಚ್ಚುವುದಿಲ್ಲ, ಡೀಸೆಲ್ ಮತ್ತು ಆಯಿಲ್ ಇವತ್ತೇ ಹಾಕಲು ಶುರುಮಾಡಿದ್ದೇನೆ.

ತೋಟದಮನೆ_ನಾಪೋಕ್ಲು

ಭಾನುವಾರ ರಜೆ ತಮ್ಮ. ಸೋಮವಾರ ಬೆಳಿಗ್ಗೆ ಬೇಗ ಹೋಗು, ಆಮೇಲೆ ಪಲ್ಪರ್ ರಿಪೇರಿಯವರ ಸಾಲು ಇರುತ್ತದೆ. ಹಳೇ ಪಿನ್ ಮರೆಯದೇ ತಗೊಂಡು ಹೋಗು, ಅಳತೆ ಅದರಲ್ಲೇ ತೆಗೆಯುತ್ತಾರೆ.